ದೇಶ ಸುತ್ತಿದ್ದಾಯಿತು, ಕೋಶ ಹಗ್ಗದ ಆಚೆ ಉಳಿಯಿತು

ಜಗತ್ತಿನ ಸುಂದರ ಗ್ರಂಥಾಲಯಗಳ ಆಡಳಿತ ಮಂಡಳಿಗಳಿಗೆ, ನಿರ್ದೇಶಕರಿಗೆ ಹಾಗೂ ಗ್ರಂಥಪಾಲಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ವಿದ್ವಾಂಸನಲ್ಲ, ಸಂಶೋಧಕನೂ ಅಲ್ಲ. ಓದುವ ಚಟ ಹತ್ತಿಸಿಕೊಂಡ ಸಾಮಾನ್ಯ ಮನುಷ್ಯ. ಎಲ್ಲೋ ಒಂದು ಚೆಂದದ ಗ್ರಂಥಾಲಯವಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅಲ್ಲಿಗೆ ಹೋಗಿ ಒಂದು ಗಳಿಗೆ ಕೂತು ಬರಬೇಕು ಅನ್ನಿಸುತ್ತದೆ. ಕೆಲವನ್ನು ಕಣ್ಣಾರೆ ನೋಡಿದ್ದೇನೆ, ಹೆಚ್ಚಿನವನ್ನು ಓದಿ, ಚಿತ್ರ ನೋಡಿ ಬಲ್ಲೆ. ನನಗಾದ ಅನುಭವ ಒಂದೇ ಕಟ್ಟಡದ್ದಾದರೂ ದೂರು ಆ ಒಂದು ಕಟ್ಟಡದ ಮೇಲಲ್ಲ. ಹಾಗಾಗಿ ಅದರ ಹೆಸರು ಹೇಳದೆ ಈ ಪತ್ರವನ್ನು ತಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಓದುತ್ತಾ ಓದುತ್ತಾ ‘ಇದು ನಮ್ಮದೇ ಇರಬಹುದೇ’ ಎಂದು ತಮ್ಮಲ್ಲಿ ನಾಲ್ಕು ಜನರಿಗಾದರೂ ಅನುಮಾನ ಬಂದರೆ ನನ್ನ ಅರ್ಧ ಕೆಲಸ ಆದಂತೆ.

ನಡೆದದ್ದಿಷ್ಟು. ಮೂರು ವಾರ ಮೊದಲೇ ಟಿಕೆಟ್ ಕಾದಿರಿಸಿದ್ದೆ. ಒಳಹೋಗುವ ಹೊತ್ತು, ಹೊರಬೀಳುವ ಹೊತ್ತು ಎರಡನ್ನೂ ಟಿಕೆಟ್ಟಿನ ಮೇಲೆ ಅಚ್ಚು ಹಾಕಿದ್ದರು. ನಡುವೆ ಇದ್ದದ್ದು ಇಪ್ಪತ್ತು ನಿಮಿಷ. ಬಾಗಿಲು ದಾಟಿದ ಕೂಡಲೇ ಕಾಲು ತಾನಾಗಿ ನಿಂತಿತು. ಚಾವಣಿಯವರೆಗೂ ಕಪಾಟು, ಕಪಾಟಿಗೆ ಒರಗಿದ ಏಣಿ, ಎಡಗಡೆಯ ಕಿಟಕಿಗಳಿಂದ ನೆಲಕ್ಕೆ ಇಳಿದ ಬೆಳಕಿನ ಪಟ್ಟೆಗಳು. ಹಳೆಯ ಚರ್ಮ, ಕಾಗದ, ಮೇಣ ಬೆರೆತ ಆ ವಾಸನೆ ಪುಸ್ತಕದ ಹುಳುಗಳಿಗೆ ಮಾತ್ರ ಅರ್ಥವಾಗುವಂಥದ್ದು. ಹಜಾರದ ಉದ್ದಕ್ಕೂ ಎರಡು ಬದಿಗೆ ಕೆಂಪು ಹಗ್ಗ ಕಟ್ಟಿದ್ದರು. ಹಗ್ಗಗಳ ನಡುವಿನ ಓಣಿಯಲ್ಲಿ ನಾವು. ಆಚೆ ಪುಸ್ತಕ, ಮೇಜು, ಕುರ್ಚಿ. ಕುರ್ಚಿಯ ಮೇಲೆ ಯಾರೂ ಕೂರದಿರಲಿ ಎಂದು ಒಣಗಿದ ಪೈನ್ ಕಾಯಿಯೊಂದನ್ನು ಇಟ್ಟಿದ್ದರು. ಉಪಾಯ ಸೌಮ್ಯವಾಗಿತ್ತು, ಒಪ್ಪುತ್ತೇನೆ. ಆದರೂ ಅದು ನನಗೇ ಹೇಳಿದ ಮಾತಿನ ಹಾಗೆ ಚುಚ್ಚಿತು.

ಮೂರನೆಯ ಕಿಟಕಿಯ ಪಕ್ಕದ ಕಪಾಟಿನಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ, ದಪ್ಪ ದಪ್ಪ ಸಂಪುಟಗಳ ನಡುವೆ ಕಂದು ಬಣ್ಣದ ಒಂದು ಸಣ್ಣ ಪುಸ್ತಕ ಸಿಕ್ಕಿಕೊಂಡಿತ್ತು. ಅಕ್ಕಪಕ್ಕದವುಗಳ ಬೆನ್ನಿನ ಮೇಲಿನ ಚಿನ್ನದ ಅಕ್ಷರ ಇನ್ನೂ ಮಿನುಗುತ್ತಿದ್ದವು. ಇದರ ಬೆನ್ನು ಮಾತ್ರ ಮೇಲ್ತುದಿಯಲ್ಲಿ ಹರಿದು, ಒಳಗಿನ ಹೊಲಿಗೆಯ ದಾರ ಕಾಣುತ್ತಿತ್ತು. ಕಪಾಟಿನಿಂದ ತೆಗೆಯುವಾಗ ಬೆರಳು ಸಿಕ್ಕಿಸಿ ಎಳೆಯುವ ಜಾಗ ಅದು. ಅಂದರೆ ಯಾರೋ ಅದನ್ನು ಮತ್ತೆ ಮತ್ತೆ ತೆಗೆದಿದ್ದಾರೆ, ಓದಿದ್ದಾರೆ. ಆ ಹಜಾರದಲ್ಲಿ ನನಗೆ ಪರಿಚಯದವರು ಅಂತ ಕಂಡದ್ದು ಅದೊಂದೇ. ಪಕ್ಕದಲ್ಲಿದ್ದ ಕಾವಲುಗಾರರನ್ನು ‘ಅದು ಯಾವ ಪುಸ್ತಕ?’ ಎಂದು ಕೇಳಿದೆ. ಅವರು ಸೌಜನ್ಯದಿಂದಲೇ ಉತ್ತರಿಸಿದರು: ‘ಗೊತ್ತಿಲ್ಲ, ದಯವಿಟ್ಟು ಮುಂದೆ ನಡೆಯಿರಿ.’ ನಾನು ನಿಂತ ಜಾಗ ಫೋಟೊಗೆ ಒಳ್ಳೆಯದಂತೆ. ಹಿಂದೆ ಇಬ್ಬರು ಕಾಯುತ್ತಿದ್ದರು. ಮುಂದೆ ನಡೆದೆ.

ನಾನೇನೂ ಸಾಚಾ ಅಲ್ಲ. ಆ ಇಪ್ಪತ್ತು ನಿಮಿಷದಲ್ಲಿ ನಾನೂ 43 ಫೋಟೊ ತೆಗೆದಿದ್ದೆ. ರಾತ್ರಿ ಕೋಣೆಗೆ ಮರಳಿ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಚಾವಣಿ ಸ್ಪಷ್ಟವಾಗಿ ಬಂದಿತ್ತು, ಏಣಿ ಬಂದಿತ್ತು, ಯಾರದೋ ಟೋಪಿಯೂ ಬಂದಿತ್ತು. ಓದಲಾಗುವಂಥ ಶೀರ್ಷಿಕೆ ಒಂದೂ ಇರಲಿಲ್ಲ. ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ, ಅದನ್ನು 43 ಸಲ ಕ್ಲಿಕ್ಕಿಸಿಕೊಂಡು ಬಂದಿದ್ದೆ.

ಹೊರಬೀಳುವ ದಾರಿ ಅಂಗಡಿಯೊಳಗಿಂದಲೇ ಹಾದುಹೋಗುತ್ತಿತ್ತು. ಪುಸ್ತಕದ ಬೆನ್ನುಗಳ ಚಿತ್ರವಿದ್ದ ಕಾಫಿ ಕಪ್, ಕೊಡೆ, ಕುತ್ತಿಗೆಗೆ ಸುತ್ತುವ ಬಟ್ಟೆ. ಹಳೆಯ ಪುಸ್ತಕದ ಪರಿಮಳ ಬರುತ್ತದೆಂದು ಬರೆದಿದ್ದ ಮೇಣದಬತ್ತಿ. ಹಚ್ಚಿದರೆ ಪುಸ್ತಕಕ್ಕೆ ಜನ್ಮವೈರಿಯಾಗುವ ವಸ್ತುವಿನಲ್ಲೇ ಪುಸ್ತಕದ ವಾಸನೆ ತುಂಬಿದ ಜಾಣರು ಯಾರೋ. ಹಜಾರದ ಫೋಟೊಗಳ ದೊಡ್ಡ ಪುಸ್ತಕವೂ ಇತ್ತು. ಆ ಕಪಾಟುಗಳಲ್ಲಿದ್ದ ಸಾವಿರಾರು ಕೃತಿಗಳಲ್ಲಿ ಒಂದರ ಮರುಮುದ್ರಣವಾದರೂ ಇದೆಯೇ ಎಂದು ಕೇಳಿದೆ. ಆ ಪ್ರಶ್ನೆಯನ್ನು ಅಲ್ಲಿ ಮೊದಲು ಯಾರೂ ಕೇಳಿರಲಿಲ್ಲವೆಂದು ಮಾರುವವರ ಮುಖ ನೋಡಿದರೇ ಗೊತ್ತಾಯಿತು.

ನನ್ನ ಭಾಷೆಯಲ್ಲಿ ಒಂದು ಗಾದೆಯಿದೆ: ದೇಶ ಸುತ್ತಿ ನೋಡು, ಕೋಶ ಓದಿ ನೋಡು. ಬುದ್ಧಿ ಬರಲು ಎರಡು ದಾರಿ ಎಂದು ಹಿರಿಯರು ಹೇಳಿಟ್ಟದ್ದು. ದೇಶ ಸುತ್ತಿ ಹೋಗಿ ಕೋಶದ ಬೆನ್ನು ನೋಡಿಕೊಂಡು ಬರುವ ಮೂರನೆಯ ದಾರಿ ಅವರಿಗೆ ಹೊಳೆದಿರಲಿಲ್ಲ.

ತಮ್ಮ ಕಷ್ಟ ನನಗೆ ತಿಳಿಯದೆ ಇಲ್ಲ. ಮನುಷ್ಯನ ಉಸಿರು, ಬೆವರು, ಬೆರಳಿನ ಜಿಡ್ಡು, ಬೂಟಿನ ಧೂಳು ಎಲ್ಲವೂ ಹಳೆಯ ಕಾಗದಕ್ಕೆ ವಿಷ. ಪ್ರಾಗ್ ನಗರದ ಸ್ಟ್ರಾಹೊವ್ ಮಠದ ಎರಡು ಹಜಾರಗಳನ್ನು ಪ್ರವಾಸಿಗಳು ಬಾಗಿಲಲ್ಲೇ ನಿಂತು ಇಣುಕಬೇಕು. ಗುಂಪಿನ ಉಸಿರಿನ ತೇವ ಚಾವಣಿಯ ಚಿತ್ರಗಳಿಗೆ ತಟ್ಟಬಾರದೆಂದು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲನ್ ಮಠದ ಗ್ರಂಥಾಲಯದಲ್ಲಿ ಬೂಟಿನ ಮೇಲೆ ಬಟ್ಟೆಯ ದೊಡ್ಡ ಚಪ್ಪಲಿ ಏರಿಸಿಕೊಂಡು, ಕಾಲೆಳೆಯುತ್ತಾ ಮರದ ನೆಲದ ಮೇಲೆ ಜಾರಬೇಕು. ಇದರಲ್ಲಿ ಆಕ್ಷೇಪಿಸುವಂಥದ್ದು ನನಗೇನೂ ಕಾಣುವುದಿಲ್ಲ. ಬಾಗಿಲ ಮೇಲೆ ಗ್ರೀಕ್ ಭಾಷೆಯಲ್ಲಿ ‘ಆತ್ಮದ ಚಿಕಿತ್ಸಾಲಯ’ ಎಂದು ಬರೆದಿರುವ ಜಾಗಕ್ಕೆ ಹೋಗುವಾಗ ಆಸ್ಪತ್ರೆಯ ಶಿಸ್ತು ಇದ್ದರೆ ತಪ್ಪಿಲ್ಲ.

ಬೆಂಕಿಯ ಭಯವೂ ಸುಳ್ಳಲ್ಲ. ಜರ್ಮನಿಯ ವೈಮಾರ್‌ನಲ್ಲಿ ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ 2004ರ ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಬಿದ್ದಾಗ ಸುಮಾರು 50,000 ಸಂಪುಟಗಳು ಸುಟ್ಟುಹೋದವು. ಇನ್ನೂ 62,000 ಸಂಪುಟಗಳು ಬೆಂಕಿಯಿಂದಲೋ ಅದನ್ನು ಆರಿಸಲು ಸುರಿದ ನೀರಿನಿಂದಲೋ ಕೆಟ್ಟವು. ಆ ರಾತ್ರಿ ಸಿಬ್ಬಂದಿ, ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. 1534ರ ಲೂಥರ್ ಬೈಬಲ್ ಕೂಡ ಆ ರಾತ್ರಿ ಉಳಿಯಿತು. ಬೋಸ್ನಿಯಾ ಯುದ್ಧದಲ್ಲಿ ಸರಾಯೆವೊದ ರಾಷ್ಟ್ರೀಯ ಗ್ರಂಥಾಲಯವನ್ನು 1992ರ ಆಗಸ್ಟ್‌ನಲ್ಲಿ ಷೆಲ್ ಹಾಕಿ ಸುಟ್ಟಾಗ ಗುಂಡಿನ ಮಳೆಯ ನಡುವೆಯೂ ಜನ ಪುಸ್ತಕ ಹೊತ್ತು ಹೊರಗೋಡಿದರು. ಆ ಕಟ್ಟಡ 2014ರಲ್ಲಿ ಬಣ್ಣದ ಗಾಜು, ಕಮಾನುಗಳೊಂದಿಗೆ ಮೊದಲಿನ ಹಾಗೆಯೇ ಎದ್ದು ನಿಂತಿತು. ಸುಟ್ಟ ಪುಸ್ತಕಗಳು ಮರಳಲಿಲ್ಲ. 2011ರ ಜನದಂಗೆಯಲ್ಲಿ ಈಜಿಪ್ಟ್ ಹೊತ್ತಿ ಉರಿಯುತ್ತಿದ್ದಾಗ ಅಲೆಕ್ಸಾಂಡ್ರಿಯಾದ ಯುವಕ ಯುವತಿಯರು ತಮ್ಮ ಗ್ರಂಥಾಲಯದ ಸುತ್ತ ಕೈಕೈ ಹಿಡಿದು ನಿಂತರು. ಹಾಗೆ ನಿಂತವರು ಯಾರು ಎಂದು ತಾವು ಯೋಚಿಸಬೇಕು. ಆ ಬಾಗಿಲಿನ ಒಳಗೆ ಕೂತು ಎದ್ದವರು ಅವರಲ್ಲಿ ಎಷ್ಟೋ ಜನ. ಇಪ್ಪತ್ತು ನಿಮಿಷದ ಟಿಕೆಟ್ ಹಿಡಿದು ಹಗ್ಗದ ಈಚೆಯಿಂದ ನೋಡಿ ಹೋದವರು ನಾಳೆ ತಮ್ಮ ಕಟ್ಟಡಕ್ಕೆ ಆಪತ್ತು ಬಂದರೆ ಹೆಚ್ಚೆಂದರೆ ಹಳೆಯ ಫೋಟೊ ಹುಡುಕಿ ಹಾಕುತ್ತಾರೆ. ನಾನೂ ಅಷ್ಟೇ ಮಾಡಿಯೇನು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ತಾವು ಟಿಕೆಟ್ ಇಟ್ಟು ತೋರಿಸುತ್ತಿರುವ ಈ ಅಂದ ಎಲ್ಲಿಂದ ಬಂತು? ಅದರ ಬಹುಪಾಲು ಓದುವವರಿಗೂ ಪುಸ್ತಕಕ್ಕೂ ಬೇಕಾದದ್ದನ್ನು ಒದಗಿಸಲು ಹೊರಟಾಗ ಹುಟ್ಟಿದ್ದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಉದ್ದನೆಯ ಹಜಾರವನ್ನೇ ತೆಗೆದುಕೊಳ್ಳಿ. 65 ಮೀಟರಿನ ಆ ಕೋಣೆಯ ಕಮಾನು ಚಾವಣಿ ನೋಡಿ ಬಾಯಿ ತೆರೆಯದವರಿಲ್ಲ. ಆದರೆ 1732ರಲ್ಲಿ ಕಟ್ಟಿ ಮುಗಿಸಿದಾಗ ಅಲ್ಲಿ ಇದ್ದದ್ದು ಸಾದಾ ಚಪ್ಪಟೆ ಚಾವಣಿ. 1801ರಲ್ಲಿ ಬ್ರಿಟನ್, ಐರ್ಲೆಂಡುಗಳಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿ ಪಡೆಯುವ ಹಕ್ಕು ಬಂತು, ಪುಸ್ತಕಗಳು ಬಂದು ಬಂದು ಬೀಳತೊಡಗಿದವು, ಅರುವತ್ತು ವರ್ಷದಲ್ಲಿ ಕಪಾಟು ತುಂಬಿ ಉಕ್ಕಿತು. ಬೇರೆ ದಾರಿ ಕಾಣದೆ 1860ರ ಹೊತ್ತಿಗೆ ಚಾವಣಿ ಬಿಚ್ಚಿ ಎತ್ತರಿಸಿ, ಮೇಲೆ ಇನ್ನೊಂದು ಸಾಲು ಕಪಾಟು ಕೂರಿಸಿದರು. ಇಂದು ಪೋಸ್ಟ್‌ಕಾರ್ಡಿನಲ್ಲಿ ಮಾರುವ ಆ ಕಮಾನು ಜಾಗ ಸಾಲದಿದ್ದಕ್ಕೆ ಮಾಡಿಕೊಂಡ ಏರ್ಪಾಟು.

ಪೋರ್ಚುಗಲ್ಲಿನ ಕೊಯಿಂಬ್ರಾದ ಜೊವಾನಿನಾ ಗ್ರಂಥಾಲಯದ್ದು ಇನ್ನೂ ಸೊಗಸಾದ ಕಥೆ. 1728ರಲ್ಲಿ ಮುಗಿದ ಕಟ್ಟಡ, ಮೈತುಂಬ ಚಿನ್ನದ ರೇಕು. ಗೋಡೆಗಳು ಎರಡು ಮೀಟರಿಗೂ ಮಿಕ್ಕಿ ದಪ್ಪ, ಬಾಗಿಲು ತೇಗದ್ದು. ಒಳಗಿನ ತಂಪು ಬೇಸಿಗೆಯಲ್ಲೂ ಅಲುಗದಿರಲಿ ಎಂದು. ಅಲ್ಲಿ ಬಾವಲಿಗಳ ಒಂದು ಸಂಸಾರ ತಲೆತಲಾಂತರದಿಂದ ಬೀಡುಬಿಟ್ಟಿದೆ. ರಾತ್ರಿ ಅವು ಹಾರಾಡಿ, ಕಾಗದ ತಿನ್ನುವ ಹುಳುಗಳನ್ನು ತಿಂದು ಮುಗಿಸುತ್ತವೆ. ಸಂಜೆ ಬಾಗಿಲು ಹಾಕುವ ಮುನ್ನ ಸಿಬ್ಬಂದಿ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ, ಬೆಳಿಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ರಾಜನ ಹೆಸರಿನ ಆ ವೈಭವದ ಕೆಳಗೆ ದಿನವೂ ನಡೆಯುವ ಈ ಕಸಗುಡಿಸುವ ಕೆಲಸದ ಬಗ್ಗೆ ನನಗೆ ಚಿನ್ನದ ರೇಕಿಗಿಂತ ಹೆಚ್ಚು ಗೌರವ.

ದಕ್ಷಿಣ ಕೊರಿಯಾದ ಹೇಯಿನ್ಸಾ ಮಠವನ್ನು ಗ್ರಂಥಾಲಯ ಅನ್ನಬಹುದೋ ಇಲ್ಲವೋ, ಅಲ್ಲಿರುವುದು ಅಚ್ಚಿನ ಮರದ ಹಲಗೆಗಳು. 13ನೇ ಶತಮಾನದಲ್ಲಿ ಕೆತ್ತಿದ 81,000ಕ್ಕೂ ಹೆಚ್ಚು ಹಲಗೆಗಳು 15ನೇ ಶತಮಾನದ ಉಗ್ರಾಣಗಳಲ್ಲಿ ಇಂದಿಗೂ ಕೆಡದೆ ನಿಂತಿವೆ. ಎದುರು ಗೋಡೆಯ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂದಿನ ಗೋಡೆಯಲ್ಲಿ ಇದಕ್ಕೆ ತಿರುವುಮುರುವು. ಗಾಳಿ ಒಂದು ಕಡೆಯಿಂದ ನುಗ್ಗಿ, ಕೋಣೆಯಲ್ಲೆಲ್ಲ ಸುತ್ತಾಡಿ ಹೊರಹೋಗುತ್ತದೆ. ನೆಲದಡಿಯ ಇದ್ದಿಲು, ಸುಣ್ಣ, ಉಪ್ಪು ತೇವವನ್ನು ಹೀರುತ್ತವೆ, ಬೇಕಾದಾಗ ಬಿಡುತ್ತವೆ. ಆಧುನಿಕ ಸೌಕರ್ಯದ ಹೊಸ ಉಗ್ರಾಣ ಕಟ್ಟಿ ಪರೀಕ್ಷೆಗೆ ಕೆಲವು ಹಲಗೆ ಸಾಗಿಸಿದರೆ ಅವಕ್ಕೆ ಬೂಸಲು ಹತ್ತಿತಂತೆ. ಆ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟರು. ಆ ಕಿಟಕಿಗಳನ್ನು ಇಂದು ಚೆಂದ ಎಂದು ಹೊಗಳುತ್ತೇವೆ. ಕೊರೆದವರ ತಲೆಯಲ್ಲಿದ್ದದ್ದು ಗಾಳಿ.

ಬೆಳಕಿನದೂ ಇದೇ ಕಥೆ. ಪ್ಯಾರಿಸ್ಸಿನ ಸೇಂಟ್ ಜೆನೆವಿಯೆವ್ ಗ್ರಂಥಾಲಯಕ್ಕೆ ವಾಸ್ತುಶಿಲ್ಪಿ ಲಾಬ್ರೂಸ್ತ್ ತೆಳ್ಳನೆಯ ಕಬ್ಬಿಣದ ಕಂಬ ನಿಲ್ಲಿಸಿ ದೊಡ್ಡ ಕಿಟಕಿ ತೆರೆದರು. ಹಗಲು ದುಡಿದು ಬರುವವರೂ, ವಿದ್ಯಾರ್ಥಿಗಳೂ ರಾತ್ರಿ ಓದಲೆಂದು 1851ರಲ್ಲೇ ಅಲ್ಲಿ ಅನಿಲದೀಪ ಉರಿಯುತ್ತಿತ್ತು. ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1935ರಲ್ಲಿ ಮುಗಿಸಿದ, ಈಗ ರಷ್ಯಾಕ್ಕೆ ಸೇರಿರುವ ವೀಪುರಿ ಊರಿನ ಗ್ರಂಥಾಲಯದ ಚಾವಣಿಯಲ್ಲಿ 57 ದುಂಡು ಗವಾಕ್ಷಿಗಳಿವೆ. ಎಲ್ಲಿ ಕೂತರೂ ಓದುವವರ ಕೈಯ ನೆರಳು ಪುಟದ ಮೇಲೆ ಬೀಳಬಾರದು ಎನ್ನುವುದು ಲೆಕ್ಕಾಚಾರ. ಅಮೆರಿಕದ ಎಕ್ಸೆಟರ್ ಶಾಲೆಗೆ ಲೂಯಿ ಕಾನ್ ಗ್ರಂಥಾಲಯ ಕಟ್ಟಿದಾಗ ಪುಸ್ತಕಗಳನ್ನು ಒಳಗಿನ ಮಬ್ಬಿನಲ್ಲಿಟ್ಟು, ಹೊರಗೋಡೆಯುದ್ದಕ್ಕೂ ಒಬ್ಬೊಬ್ಬರೇ ಕೂರುವ ಮರದ ಗೂಡುಗಳನ್ನು ಮಾಡಿದರು. ಪುಸ್ತಕ ಹಿಡಿದವನು ಬೆಳಕು ಹುಡುಕಿ ಹೋಗುತ್ತಾನೆ ಎನ್ನುವುದು ಅವರ ನಂಬಿಕೆ. ಪ್ರತಿ ಗೂಡಿಗೂ ತನ್ನದೇ ಸಣ್ಣ ಕಿಟಕಿ, ಅದಕ್ಕೊಂದು ಜಾರುವ ಬಾಗಿಲು. ಹೊರಗಿನ ಆಟದ ಬಯಲು ಕಣ್ಣಿಗೆ ಬೀಳುವುದು ಬೇಡವೆಂದರೆ ಎಳೆದುಕೊಂಡರಾಯಿತು.

ಮಾನ್ಯರೇ, ಇಷ್ಟು ಉದ್ದ ಹೇಳಿದ್ದು ತಮಗೆ ಪಾಠ ಹೇಳಲಿಕ್ಕಲ್ಲ, ತಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೆ ಟಿಕೆಟ್ ಕೊಂಡು ಬರುವವರಿಗೆ ತಾವು ಹೇಳುವುದು ಕಟ್ಟಿಸಿದ ರಾಜರು, ಶಿಲ್ಪಿಗಳು, ಅಮೃತಶಿಲೆಯ ಲೆಕ್ಕ ಮಾತ್ರ. ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ನಾನು ಪೂರ್ತಿ ಕೇಳಿದ್ದೇನೆ. ಅಲ್ಲಿ ಕೂತು ಓದಿದವರು ಯಾರು, ಏನು ಓದಿದರು, ಯಾವ ಪುಸ್ತಕ ಹೆಚ್ಚು ಸವೆದಿದೆ ಎಂಬುದರ ಬಗ್ಗೆ ಒಂದು ಮಾತೂ ಇರಲಿಲ್ಲ. ಪಲ್ಲಕ್ಕಿ, ಛತ್ರಿ, ಚಾಮರ ಎಲ್ಲದರ ವರ್ಣನೆ ಆಯಿತು, ಒಳಗಿನ ಉತ್ಸವಮೂರ್ತಿ ಯಾವುದೆಂದೇ ಹೇಳಲಿಲ್ಲ.

ಇಟಲಿಯ ಚೆಸೇನಾ ಊರಿನ ಮಾಲಾತೆಸ್ತಿಯಾನಾ ಗ್ರಂಥಾಲಯ 1454ರಲ್ಲಿ ತೆರೆದದ್ದು. ಚರ್ಚಿನ ಹಾಗೆ ಕಂಬದ ಸಾಲು, ಎರಡೂ ಬದಿಗೆ ತಲಾ 29 ಬೆಂಚು, ಬೆಂಚಿಗೆ ಸರಪಳಿಯಿಂದ ಬಿಗಿದ ಹಸ್ತಪ್ರತಿಗಳು. ಕೋಣೆ ಆರು ಶತಮಾನದ ಹತ್ತಿರ ಬಂದರೂ ಹಾಗೆಯೇ ಇದೆ. ಅದನ್ನು ಮಠದ ಸಂನ್ಯಾಸಿಗಳ ಪಾಲಿಗಷ್ಟೇ ಬಿಡದೆ, ಊರಿನ ಆಡಳಿತಕ್ಕೂ ಮೇಲ್ವಿಚಾರಣೆ ವಹಿಸಿದ್ದರು. ಬಾಗಿಲಿಗೆ ಎರಡು ಬೀಗ, ಕೀಲಿ ಇಬ್ಬರ ಬಳಿ. ಸರಪಳಿ ಯಾಕೆ ಹಾಕಿದರು? ಬಂದವರು ಬೆಂಚಿನ ಮೇಲೆ ಕೂತು, ಪುಟ ತೆರೆದು, ಎಷ್ಟು ಹೊತ್ತು ಬೇಕಾದರೂ ಓದಲಿ, ಎದ್ದು ಹೋಗುವಾಗ ಮಾತ್ರ ಪುಸ್ತಕ ಅಲ್ಲೇ ಉಳಿಯಲಿ ಎಂದು. ಅಂದು ಕಟ್ಟಿಹಾಕಿದ್ದು ಪುಸ್ತಕವನ್ನು. ಈಗ ಹಗ್ಗ ಕಟ್ಟಿರುವುದು ನಮಗೆ.

ಓದುಗರು ಎದ್ದುಹೋದ ಮೇಲೆ ಕೋಣೆಗೆ ಏನಾಗುತ್ತದೆ ಎಂಬುದಕ್ಕೂ ತಮ್ಮ ಕಣ್ಣೆದುರೇ ನಿದರ್ಶನಗಳಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ದುಂಡು ವಾಚನಾಲಯ 1857ರಿಂದ 140 ವರ್ಷ ತುಂಬಿ ತುಳುಕಿತ್ತು, ಮಾರ್ಕ್ಸ್ ವರ್ಷಗಟ್ಟಲೆ ಕೂತು ಬರೆದದ್ದು ಅಲ್ಲೇ. 1997ರಲ್ಲಿ ಪುಸ್ತಕಗಳು ಹೊಸ ಕಟ್ಟಡಕ್ಕೆ ಹೋದವು. ಆಮೇಲೆ ಆ ಗುಮ್ಮಟದ ಕೆಳಗೆ ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ತೋಚಲಿಲ್ಲ. ಪ್ರದರ್ಶನ ನಡೆಸಿದರು, ಆಮೇಲೆ ವರ್ಷಗಟ್ಟಲೆ ಮುಚ್ಚಿಟ್ಟರು. ಡಬ್ಲಿನ್ನಿನಲ್ಲಿ ದುರಸ್ತಿಗೆಂದು 2022ರಿಂದ ಸುಮಾರು ಎರಡು ಲಕ್ಷ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಧೂಳು ತೆಗೆದು ಸಾಗಿಸಿದರು. ಮಾಡಲೇಬೇಕಾದ ಕೆಲಸ ಅದು, ಮಾಡಿದ ರೀತಿಯೂ ಮೆಚ್ಚುವಂಥದ್ದು. ಆದರೆ ಬರಿದಾದ ಕಪಾಟುಗಳನ್ನು ನೋಡಲೂ ಜನ ಹಾಗೆಯೇ ಟಿಕೆಟ್ ಕೊಂಡು ಬರುತ್ತಿದ್ದರು. ಅದನ್ನು ಕೇಳಿ ನನಗೆ ನಗು ಬಂತು, ಸ್ವಲ್ಪ ಹೊತ್ತಿಗೆ ನಗು ನಿಂತಿತು.

ಇನ್ನೊಂದು ತುದಿ ಚೀನಾದ ತಿಯಾನ್‌ಜಿನ್ ಬಿನ್‌ಹಾಯ್ ಗ್ರಂಥಾಲಯದ್ದು. 2017ರಲ್ಲಿ ತೆರೆದಾಗ ಅದರ ಚಿತ್ರ ನೋಡದ ಪುಸ್ತಕಪ್ರೇಮಿ ಇರಲಿಕ್ಕಿಲ್ಲ. ಅಲೆಯಂತೆ ಬಾಗಿ ಚಾವಣಿಯವರೆಗೂ ಏರುವ ಬಿಳಿ ಕಪಾಟುಗಳು, ನಡುವೆ ಕಣ್ಣಿನ ಗುಡ್ಡೆಯಂಥ ಗೋಳ. ಆಮೇಲೆ ತಿಳಿದದ್ದೇನೆಂದರೆ ಮೇಲಿನ ಸಾಲುಗಳಲ್ಲಿ ಇರುವುದು ಪುಸ್ತಕವಲ್ಲ, ಪುಸ್ತಕದ ಚಿತ್ರ ಅಚ್ಚುಹಾಕಿದ ಅಲ್ಯೂಮಿನಿಯಂ ಹಾಳೆ. ಮೇಲಿನ ಕಪಾಟುಗಳಿಗೆ ಹಿಂದಿನಿಂದ ದಾರಿ ಇರಬೇಕಿತ್ತು, ಅವಸರದಲ್ಲಿ ಕಟ್ಟುವಾಗ ಅದನ್ನು ಬಿಟ್ಟರು, ನಮ್ಮ ಸಲಹೆ ಮೀರಿ ಹಾಗೆ ಮಾಡಿದರು ಎಂದು ವಿನ್ಯಾಸ ಮಾಡಿದ ಸಂಸ್ಥೆಯೇ ಹೇಳಿದೆ. ಸುಳ್ಳು ಪುಸ್ತಕದ ಬೆನ್ನು ಹೊಸದೇನಲ್ಲ. ಸ್ಟ್ರಾಹೊವ್‌ನ ತತ್ವಶಾಸ್ತ್ರದ ಹಜಾರದ ಮೂಲೆಗಳಲ್ಲೂ ಇವೆ. ಅಲ್ಲಿ ಆ ಸುಳ್ಳು ಬೆನ್ನು ತಳ್ಳಿದರೆ ಹಿಂದೆ ಸುರುಳಿ ಮೆಟ್ಟಿಲು ಸಿಗುತ್ತದೆ, ಹತ್ತಿದರೆ ಮೇಲಿನ ನಿಜವಾದ ಪುಸ್ತಕಗಳ ಹತ್ತಿರ ಹೋಗಬಹುದು. ಅಂಥ ಸುಳ್ಳನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

‘ಜನ ಬರುವುದೇ ಫೋಟೊಗೆ, ನಾವೇನು ಮಾಡೋಣ’ ಎಂದು ತಾವು ಕೇಳಬಹುದು. ಬರುವವರನ್ನು ನಾನು ಬೈಯಲಾರೆ, ನಾನೂ ಅವರಲ್ಲೊಬ್ಬ. ಆದರೆ ಒಳಗೆ ಫೋಟೊ ತೆಗೆಯುವುದೊಂದನ್ನು ಬಿಟ್ಟು ಬೇರೆ ಏನು ಮಾಡಲೂ ಅವಕಾಶವಿಲ್ಲದಿದ್ದಾಗ ಕೈ ತಾನಾಗಿ ಜೇಬಿನ ಫೋನಿಗೆ ಹೋಗುತ್ತದೆ. ಕೂರಲು ಜಾಗ ಕೊಟ್ಟು ನೋಡಿ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಳೆಯ ರಿಶೆಲ್ಯೂ ಕಟ್ಟಡದಲ್ಲಿ ಅಂಡಾಕಾರದ ದೊಡ್ಡ ಓದುಕೋಣೆಯಿದೆ. ದುರಸ್ತಿ ಮುಗಿದು 2022ರಲ್ಲಿ ಬಾಗಿಲು ತೆರೆದಾಗ ಅದನ್ನು ಯಾರು ಬೇಕಾದರೂ ಬಂದು ಕೂರುವ ಕೋಣೆ ಮಾಡಿದರು. ಶುಲ್ಕವಿಲ್ಲ, ಸುಮಾರು 20,000 ಪುಸ್ತಕ ಕೈಗೆಟುಕುತ್ತವೆ, ಅವುಗಳಲ್ಲಿ ಸಾವಿರಾರು ಕಾಮಿಕ್ಸ್ ಪುಸ್ತಕಗಳು. ಅಪರೂಪದ ಸಂಗ್ರಹಕ್ಕೆ, ಸಂಶೋಧಕರಿಗೆ ಅದೇ ಕಟ್ಟಡದಲ್ಲಿ ಬೇರೆ ಕೋಣೆಗಳಿವೆ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ 1911ರಲ್ಲಿ ತೆರೆದ ದಿನ ಮೊದಲ ಓದುಗರು ಕೇಳಿದ್ದು ಒಂದು ರಷ್ಯನ್ ಪುಸ್ತಕ; ಕೆಲವೇ ನಿಮಿಷದಲ್ಲಿ ಅದು ಅವರ ಕೈಗೆ ಬಂದಿತ್ತು. 2014ರಲ್ಲಿ ಅಲ್ಲಿನ ದೊಡ್ಡ ಓದುಕೋಣೆಯ ಚಾವಣಿಯಿಂದ ಗಾರೆಯ ಹೂವೊಂದು 52 ಅಡಿ ಕೆಳಗೆ ಕಳಚಿಬಿತ್ತು. ರಾತ್ರಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಎರಡು ವರ್ಷಕ್ಕೂ ಮಿಕ್ಕಿ ಬಾಗಿಲು ಹಾಕಿ, 900 ಹೂವುಗಳನ್ನು ಒಂದೊಂದಾಗಿ ಉಕ್ಕಿನ ತಂತಿಯಿಂದ ಬಿಗಿದು, ಮತ್ತೆ ಓದುಗರನ್ನೇ ಕರೆದು ಕೂರಿಸಿದರು. ಚಾವಣಿ ಉಳಿಯಲೆಂದು ಕುರ್ಚಿಗಳನ್ನು ಹೊರಹಾಕಲಿಲ್ಲ.

ಮೆಲ್ಬರ್ನ್ ನಗರದ ವಿಕ್ಟೋರಿಯಾ ರಾಜ್ಯ ಗ್ರಂಥಾಲಯದ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1856ರಲ್ಲಿ ಬಾಗಿಲು ತೆರೆದಾಗ ಅವರು ಇಟ್ಟ ಷರತ್ತು ಎರಡೇ: ವಯಸ್ಸು ಹದಿನಾಲ್ಕು ದಾಟಿರಬೇಕು, ಕೈ ತೊಳೆದುಕೊಂಡಿರಬೇಕು. 1913ರಲ್ಲಿ ಎಂಟು ಮೂಲೆಯ ಓದುಕೋಣೆ, ಅದರ ಮೇಲೆ ಸುಮಾರು 35 ಮೀಟರ್ ಎತ್ತರದ ಗುಮ್ಮಟ ಬಂತು. ಗುಮ್ಮಟದ ಗಾಜುಗಳು ಸೋರುತ್ತವೆಂದು 1959ರಲ್ಲಿ ತಾಮ್ರದ ತಗಡು ಹೊದಿಸಿಬಿಟ್ಟರು. ನೆಗಡಿಗೆ ಹೆದರಿ ಮೂಗು ಕೊಯ್ದ ಹಾಗಾಯಿತು. ಮಳೆಯ ಜೊತೆಗೆ ಬೆಳಕೂ ನಿಂತಿತು. ಸುಮಾರು ನಲವತ್ತು ವರ್ಷ ಅಲ್ಲಿನವರು ಮಬ್ಬಿನಲ್ಲೇ ಓದಿದರು. 2003ರಲ್ಲಿ ಗುಮ್ಮಟ ಸರಿಮಾಡಿ ಮತ್ತೆ ಬಿಸಿಲು ಒಳಬಿಟ್ಟರು. ನಾನು ಅಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಚಕ್ರದ ಅರಗಳ ಹಾಗೆ ಹರಡಿದ ಮೇಜುಗಳಲ್ಲಿ ಒಂದರ ತುದಿಯಲ್ಲಿ ಜಾಗ ಸಿಕ್ಕಿತು. ಎದುರಿಗೆ ಒಬ್ಬ ಹುಡುಗ ಲೆಕ್ಕ ಬಿಡಿಸುತ್ತಾ ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದ. ಪಕ್ಕದಲ್ಲಿ ವಯಸ್ಸಾದವರೊಬ್ಬರು ಪತ್ರಿಕೆಯ ಮೇಲೆ ಕೈಯಿಟ್ಟು ನಿದ್ದೆ ಹೋಗಿದ್ದರು. ಮೇಲಿನ ಮಹಡಿಯ ಕಟಾಂಜನಕ್ಕೆ ಒರಗಿ ಪ್ರವಾಸಿಗಳು ಫೋಟೊ ತೆಗೆಯುತ್ತಿದ್ದರು. ಕೆಳಗಿನವರು ತಲೆ ಎತ್ತಲಿಲ್ಲ. ಯಾರಿಂದ ಯಾರಿಗೂ ತೊಂದರೆಯಿರಲಿಲ್ಲ. ಅಂದು ನಾನು ಓದಿದ್ದು 31 ಪುಟ, ತೆಗೆದ ಫೋಟೊ ಒಂದು, ಅದೂ ಅಲುಗಾಡಿ ಹೋಗಿದೆ.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವೇನಲ್ಲ. ತಮ್ಮ ಅತಿ ಸುಂದರವಾದ ಹಜಾರದಲ್ಲೇ ಹತ್ತು ಕುರ್ಚಿಗಳನ್ನು ಓದುವವರಿಗೆಂದು ಬಿಡಿ. ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ ವಾಚನಾಲಯವಿದೆಯಲ್ಲ ಎನ್ನಬೇಡಿ, ಅದು ನಮಗೆ ಗೊತ್ತಿದೆ. ದಿನವಿಡೀ ಆಗದಿದ್ದರೆ ಗುಂಪು ಬರುವ ಮುಂಚೆ ಬೆಳಿಗ್ಗೆ ಒಂದು ಗಂಟೆಯಾದರೂ ಸರಿ. ಮುನ್ನೂರು ವರ್ಷದ ಪುಸ್ತಕವನ್ನೇ ಕೈಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಅದೇ ಕೃತಿಯ ಹೊಸ ಮುದ್ರಣವೋ, ಅನುವಾದವೋ, ಮುಖಪುಟವಿಲ್ಲದ ಒಂದು ನಕಲೋ ಮೇಜಿನ ಮೇಲಿದ್ದರೆ ಸಾಕು. ಮೂಲವು ಹಿಂದೆಯೇ ಕಪಾಟಿನಲ್ಲಿ ಉಸಿರಾಡುತ್ತಿದೆ ಎಂದು ತಿಳಿದು ಓದುವುದರಲ್ಲೇ ಒಂದು ಸುಖವಿದೆ. ಬೇಕಾದರೆ ಬಟ್ಟೆಯ ಚಪ್ಪಲಿ ಹಾಕಿಸಿ, ಕೈ ತೊಳೆಸಿ, ಚೀಲ ಹೊರಗಿಡಿಸಿ, ಬೆಂಕಿ ತರುವುದಿಲ್ಲವೆಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದವರ ಹಾಗೆ ಪ್ರಮಾಣ ಮಾಡಿಸಿ. ಮಾಡುತ್ತೇವೆ.

ಕಪಾಟಿನ ಪುಸ್ತಕಗಳು ಯಾವುವು ಎಂದು ಹೇಳಿ. ಪ್ರತಿ ಕಪಾಟಿನ ಪಕ್ಕ ಒಂದು ಚೀಟಿ ಸಾಕು, ಕಾವಲು ನಿಂತವರಿಗೂ ಅದರ ಒಂದು ಪ್ರತಿ ಕೊಡಿ. ಅವರಿಗೆ ದಿನವಿಡೀ ‘ಮುಂದೆ ನಡೆಯಿರಿ’ ಎನ್ನುವುದಕ್ಕಿಂತ ‘ಅದು ಜೇನು ಸಾಕುವುದರ ಬಗ್ಗೆ ಬರೆದ ಪುಸ್ತಕ’ ಎನ್ನುವುದು ಬೇಸರ ಕಡಿಮೆ ಮಾಡೀತು. ಹಸ್ತಪ್ರತಿಗಳನ್ನು ಅಂತರ್ಜಾಲದಲ್ಲಿ ತೆರೆದಿಡಿ. ಸೇಂಟ್ ಗಾಲನ್ನಿನವರು ಇಟ್ಟಿದ್ದಾರೆ, ಡಬ್ಲಿನ್ನಿನವರು ತಮ್ಮ ಹೆಸರಾಂತ ಹಳೆಯ ಹಸ್ತಪ್ರತಿಯಾದ ಕೆಲ್ಸ್ ಗ್ರಂಥದ ಪುಟಗಳನ್ನೂ ಇಟ್ಟಿದ್ದಾರೆ, ಹಾಗೆಂದು ನೋಡಲು ಹೋಗುವವರು ಕಡಿಮೆಯಾಗಿಲ್ಲ.

ಹಣದ ಮಾತು. ಟಿಕೆಟ್ ಬೇಡವೆನ್ನುವ ಅವಿವೇಕ ನನಗಿಲ್ಲ. ಚಾವಣಿ ತಾನಾಗಿ ದುರಸ್ತಿಯಾಗುವುದಿಲ್ಲ. ಬಾಲ್ಟಿಮೋರಿನ ಜಾರ್ಜ್ ಪೀಬಾಡಿ ಗ್ರಂಥಾಲಯದ ಐದು ಮಹಡಿಯ ಎರಕದ ಕಬ್ಬಿಣದ ಮೊಗಸಾಲೆಗಳ ನಡುವೆ ಮದುವೆಗಳೂ ನಡೆಯುತ್ತವೆ; ನಡೆಯಲಿ, ಓದುವವರಿಗೂ ಬಾಗಿಲು ತೆರೆದಿದೆಯಲ್ಲ. ಪೋರ್ಟೊ ನಗರದ ಲೆಲ್ಲೊ ಪುಸ್ತಕದಂಗಡಿ ನೋಡುಗರ ಗದ್ದಲ ತಾಳಲಾರದೆ 2015ರಲ್ಲಿ ಪ್ರವೇಶಕ್ಕೆ ಹಣ ಇಟ್ಟಿತು, ಜೊತೆಗೆ ಒಂದು ಜಾಣತನವನ್ನೂ ಮಾಡಿತು: ಪುಸ್ತಕ ಕೊಂಡರೆ ಆ ಹಣ ಬೆಲೆಯಲ್ಲಿ ವಜಾ. ತಾವೂ ಹಾಗೆ ಯೋಚಿಸಬಹುದು. ಟಿಕೆಟ್ ಕೊಂಡವರಲ್ಲಿ ಯಾರಾದರೂ ಒಂದು ಗಂಟೆ ಕೂತು ಓದುತ್ತೇನೆಂದರೆ ಇಪ್ಪತ್ತು ನಿಮಿಷದ ಗಡುವಿನಿಂದ ಅವರನ್ನು ಬಿಟ್ಟುಬಿಡಿ. ಎಷ್ಟು ಜನ ಕೇಳುತ್ತಾರೆ ಎಂದು ಒಂದು ತಿಂಗಳು ಎಣಿಸಿ ನೋಡಿ. ಯಾರೂ ಬರದಿದ್ದರೆ ನನ್ನ ಈ ಪತ್ರವನ್ನು ಅಂಗಡಿಯ ಮೇಣದಬತ್ತಿಯ ಪಕ್ಕದಲ್ಲಿ ತೂಗುಹಾಕಿ, ನನ್ನ ಅಭ್ಯಂತರವಿಲ್ಲ.

ಕೊನೆಯದಾಗಿ ಒಂದು ಸ್ವಂತ ಕೋರಿಕೆ. ಮೂರನೆಯ ಕಿಟಕಿ, ಪಕ್ಕದ ಕಪಾಟು, ಕೆಳಗಿನಿಂದ ನಾಲ್ಕನೆಯ ಸಾಲು. ಕಂದು ಬಣ್ಣ, ಬೆನ್ನಿನ ಮೇಲ್ತುದಿ ಹರಿದಿದೆ, ದಾರ ಕಾಣುತ್ತದೆ. ಗ್ರಂಥಾಲಯದ ಹೆಸರು ನಾನು ಹೇಳಿಲ್ಲವಾದ್ದರಿಂದ ತಾವೆಲ್ಲರೂ ತಂತಮ್ಮ ಹಜಾರದಲ್ಲಿ ಆ ಜಾಗದಲ್ಲಿ ಒಮ್ಮೆ ನೋಡಬೇಕಾಗುತ್ತದೆ. ಅಲ್ಲಿ ಯಾವ ಪುಸ್ತಕವಿದ್ದರೂ ಸರಿ, ಈ ವಾರ ಬಾಗಿಲು ಹಾಕುವ ಮುನ್ನ ತಮ್ಮಲ್ಲಿ ಯಾರಾದರೂ ಅದನ್ನು ಕೆಳಗಿಳಿಸಿ, ಕುರ್ಚಿಯ ಮೇಲಿನ ಪೈನ್ ಕಾಯಿ ಪಕ್ಕಕ್ಕಿಟ್ಟು, ಕೂತು, ಮೊದಲ ಪುಟ ತೆರೆಯಿರಿ. ಅದರ ಹೆಸರೇನೆಂದು ನನಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಗ್ಗದ ಈಚೆ ನಿಂತಿದ್ದ ಒಬ್ಬ ಓದುಗ